ಕಡ ತಂದ ಕಫ

ಸೀಟಿ ಮೇಷ್ಟ್ರು ಜೀವಮಾನದಲ್ಲಿ ಒಂದು ಪರೀಕ್ಷೆಯಲ್ಲೂ ಫೇಲಾದವರಲ್ಲ. ಶಾಲೆಯ ಮೈದಾನದಲ್ಲಿ ಅಪ್ಪಂದಿರನ್ನೂ ಆಮೇಲೆ ಅವರ ಮಕ್ಕಳನ್ನೂ ಓಡಿಸಿ, ಕುಣಿಸಿ, ಬಗ್ಗಿಸಿ, ಎಬ್ಬಿಸಿ ನಿವೃತ್ತರಾದ ವ್ಯಾಯಾಮದ ಮೇಷ್ಟ್ರು ಅವರು. ಕೊರಳಲ್ಲಿ ತೂಗುತ್ತಿದ್ದ ಸೀಟಿಯಿಂದಾಗಿ ಹುಡುಗರಿಟ್ಟ ಹೆಸರು ಸೀಟಿ ಹೋದ ಮೇಲೂ ಉಳಿದುಕೊಂಡಿತ್ತು. ಹೆಂಡತಿಯ ತಮ್ಮ ಸಹ ಬೆನ್ನ ಹಿಂದೆ "ಸೀಟಿ ಭಾವ" ಎಂದೇ ಅನ್ನುತ್ತಿದ್ದ. ಅಂಥ ಮೇಷ್ಟ್ರು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಕೂತು, ಒಂದು ಪ್ಲಾಸ್ಟಿಕ್ ಡಬ್ಬಿಗೆ ಉಗುಳುವ ಪರೀಕ್ಷೆಯಲ್ಲಿ ಒಂದಲ್ಲ ಎರಡು ಸಲ ಫೇಲಾದರು.

ಅವರಿಗೆ ಬಹಳ ದಿನದಿಂದ ಜ್ವರ. ಬೆಳಿಗ್ಗೆ ಚೆನ್ನಾಗಿರುತ್ತಿದ್ದರು, ಸಂಜೆಯಾಗುತ್ತಲೇ ಮೈ ಕಾವೇರುತ್ತಿತ್ತು, ಆಮೇಲೆ ಬನಿಯನ್ ಹಿಂಡುವಷ್ಟು ಬೆವರು. ಸೊಂಟ ಹಿಡಿದುಕೊಂಡಿತ್ತು. ಪ್ಯಾಂಟು ಸಡಿಲವಾಗಿತ್ತು. ವಾರ್ಡಿನ ಡಾಕ್ಟರು ಎದೆಯ ಫೋಟೋ ತೆಗೆಸಿದರು, ಎರಡೂ ತೋಳಿನಿಂದ ರಕ್ತ ತೆಗೆಸಿ ಬಾಟಲಿಗಳಿಗೆ ತುಂಬಿಸಿದರು. "ಟಿಬಿ ಇದ್ರೂ ಇರಬಹುದು, ಬೆಳಗಿನ ಕಫ ಕಳಿಸಿ" ಎಂದು ಹೇಳಿಹೋದರು.

ಕಫ ಇದ್ದರೆ ತಾನೆ ಕಳಿಸುವುದು. ಮೇಷ್ಟ್ರ ಎದೆ ಖಾಲಿ ಗೋದಾಮಿನಂತಿತ್ತು. ಕ್ಯಾಕರಿಸಿದರು, ಕೆಮ್ಮಿದರು, ಕಣ್ಣಲ್ಲಿ ನೀರು ಬರುವ ತನಕ ಒದ್ದಾಡಿದರು. ಡಬ್ಬಿಗೆ ಬಿದ್ದದ್ದು ನಾಲ್ಕು ಹನಿ ನೊರೆ. ಅದನ್ನೇ ಮುಚ್ಚಳ ತಿರುಗಿಸಿ ಕಳಿಸಿದರು. ವಾಪಸ್ಸು ಬಂತು. ಮತ್ತೆ ಕಳಿಸಿದರು. ಮತ್ತೆ ಬಂತು.

"ಮೇಷ್ಟ್ರೇ, ಲ್ಯಾಬಿನವರು ಇದು ಕಫ ಅಲ್ಲ, ಎಂಜಲು ಅಂತಿದಾರೆ" ಎಂದು ಸಿಸ್ಟರ್ ವಾರ್ಡಿನ ಬಾಗಿಲಿನಿಂದಲೇ ಹೇಳಿದರು. ಆ ಮಂಚದಿಂದ ಈ ಮಂಚದ ತನಕ ಎಲ್ಲರಿಗೂ ಕೇಳಿಸಿತು.

"ನೋಡಿದ್ರಂತಾ, ನೋಡದೇ ಹೇಳ್ತಿದಾರಾ?" ಎಂದರು ಮೇಷ್ಟ್ರು.

"ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲೇ ನೋಡಿದಾರೆ. ಬರೀ ಕೆನ್ನೆ ಒಳಗಿನ ಚರ್ಮದ ಕಣಗಳೇ ಇವೆಯಂತೆ. ಎದೆ ಆಳದಿಂದ ಬರಬೇಕು ಮೇಷ್ಟ್ರೇ. ಸ್ವಲ್ಪ ಪ್ರಯತ್ನ ಸಾಲದು ನಿಮ್ಮದು."

ಪ್ರಯತ್ನ ಸಾಲದು. ಎಷ್ಟೋ ಸಾವಿರ ಹುಡುಗರಿಗೆ ಈ ಮಾತನ್ನು ಹೇಳಿದ್ದರು ಮೇಷ್ಟ್ರು. ತಾವು ಕೇಳಿಸಿಕೊಂಡದ್ದು ಇದೇ ಮೊದಲು. ಕಿವಿ ಕೆಂಪಾಯಿತು. ಹೆಂಡತಿ ಸ್ಟೂಲಿನ ಮೇಲೆ ಕೂತು ಮೂಸಂಬಿ ಸುಲಿಯುತ್ತಾ, "ಹೋಗ್ಲಿ ಬಿಡಿ, ನಾಳೆ ಬರುತ್ತೆ" ಎಂದು ಸಮಾಧಾನ ಹೇಳಿದ್ದು ಗಾಯದ ಮೇಲೆ ಉಪ್ಪು ಸವರಿದಂತಾಯಿತು.

ಪಕ್ಕದ ಮಂಚದಲ್ಲಿದ್ದವನು ಹರಾಜಣ್ಣ. ಹಳೇ ಮೇಜು, ಕುರ್ಚಿ, ಬೀರುಗಳನ್ನು ಹರಾಜು ಕೂಗುವುದು ಅವನ ಕಸುಬು. ಒಂದು ಬೀರು ಎಷ್ಟು ಗಟ್ಟಿ ಎಂದು ಗಿರಾಕಿಗಳಿಗೆ ತೋರಿಸಲು ಅದರ ನೆತ್ತಿ ಹತ್ತಿ ಕುಣಿದವನು, ಬೀರಿಗೆ ಏನೂ ಆಗದೆ, ತಾನು ಮಾತ್ರ ಕೆಳಗೆ ಬಿದ್ದು ಕಾಲು ಮುರಿದುಕೊಂಡಿದ್ದ. ಮಾತು ಜೋರು, ನಗು ಅದಕ್ಕಿಂತ ಜೋರು, ಕೆಮ್ಮು ಎಲ್ಲಕ್ಕಿಂತ ಜೋರು. ದಿಂಬಿನ ಕೆಳಗೆ ನಶ್ಯದ ಡಬ್ಬಿ ಬಚ್ಚಿಟ್ಟುಕೊಂಡು ಆಗಾಗ ಒಂದು ಚಿಟಿಕೆ ಏರಿಸುತ್ತಿದ್ದ. ಯಾರಾದರೂ ಕೇಳಿದರೆ, "ನಶ್ಯದ ಕೆಮ್ಮು, ಹಳೇ ನೆಂಟ" ಎನ್ನುತ್ತಿದ್ದ. ಮೂಳೆ ಡಾಕ್ಟರು ಅವನ ಕಾಲನ್ನು ನೋಡುತ್ತಿದ್ದರೇ ಹೊರತು ಕೊರಳಿನ ಕಡೆ ಕಣ್ಣೆತ್ತುತ್ತಿರಲಿಲ್ಲ. ಅವರು ಬರುವ ಹೊತ್ತಿಗೆ ಅವನೂ ಕೆಮ್ಮನ್ನು ಕಂಬಳಿಯೊಳಗೆ ಅದುಮಿಟ್ಟುಕೊಳ್ಳುತ್ತಿದ್ದ.

ಮರುದಿನ ಬೆಳಿಗ್ಗೆ ಮೇಷ್ಟ್ರು ಮೂರನೇ ಡಬ್ಬಿಯನ್ನು ಮುಂದಿಟ್ಟುಕೊಂಡು ತಪಸ್ಸಿಗೆ ಕೂತಂತೆ ಕೂತಿದ್ದಾಗ ಹರಾಜಣ್ಣ ಮೊಣಕೈ ಊರಿ ಎದ್ದ.

"ಮೇಷ್ಟ್ರೇ, ಎಷ್ಟು ಬೇಕಂತೆ ಅವರಿಗೆ?"

"ಒಂದು ಚಮಚ."

"ಇಷ್ಟಕ್ಕೇ ಇಷ್ಟು ಒದ್ದಾಟವಾ? ಕೊಡಿ ಇಲ್ಲಿ."

"ಛೆ, ಅದು ಹೇಗಾಗುತ್ತೆ?"

"ಹೇಗಾಗುತ್ತೆ ಅಂದ್ರೆ? ನನ್ನ ಹತ್ರ ಮಾಲು ರಾಶಿ ಬಿದ್ದಿದೆ, ಕೇಳೋರಿಲ್ಲ. ನಿಮಗೆ ಗಿರಾಕಿ ಬಾಗಿಲಲ್ಲಿ ನಿಂತಿದಾನೆ, ಮಾಲಿಲ್ಲ."

ಮೇಷ್ಟ್ರು ಆಚೆ ಈಚೆ ನೋಡಿದರು. ಸಿಸ್ಟರುಗಳು ಪಾಳಿ ಬದಲಾಯಿಸುತ್ತಾ ಮೇಜಿನ ಹತ್ತಿರ ಮಾತಿಗೆ ನಿಂತಿದ್ದರು. ಹೆಂಡತಿ ಇನ್ನೂ ಬಂದಿರಲಿಲ್ಲ. ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ನನ್ನ ಎದೆಯಲ್ಲಿ ಏನೂ ಇಲ್ಲ, ಆದ್ದರಿಂದ ಪರೀಕ್ಷೆಯಲ್ಲೂ ಏನೂ ಸಿಗುವುದಿಲ್ಲ. ಇವನದು ಬರೀ ನಶ್ಯದ ಕೆಮ್ಮು, ಅದರಲ್ಲೂ ಏನೂ ಸಿಗುವುದಿಲ್ಲ. ಎರಡೂ ಒಂದೇ ಉತ್ತರ ಬರುವ ಲೆಕ್ಕವಾದ ಮೇಲೆ ಯಾವ ದಾರಿಯಲ್ಲಿ ಮಾಡಿದರೇನು? ಹೀಗೆ ತರ್ಕ ಮಾಡುವ ಹುಡುಗ ಯಾರಾದರೂ ಸಿಕ್ಕಿದ್ದರೆ ಮೇಷ್ಟ್ರು ಅವನನ್ನು ಮೈದಾನದ ಸುತ್ತ ಓಡಿಸುತ್ತಿದ್ದರು. ಆದರೆ ಈಗ ಡಬ್ಬಿ ಈ ಮಂಚದಿಂದ ಆ ಮಂಚಕ್ಕೆ ಹೋಯಿತು, ಒಂದು ಗುಡುಗು ಕೇಳಿಸಿತು, ಡಬ್ಬಿ ವಾಪಸ್ಸು ಬಂತು.

"ತಗೊಳ್ಳಿ. ಹೆಚ್ಚೇ ಇದೆ" ಎಂದ ಹರಾಜಣ್ಣ.

ಲ್ಯಾಬಿನಿಂದ ಅದು ಹಿಂತಿರುಗಿ ಬರಲಿಲ್ಲ. "ಭೇಷ್ ಮೇಷ್ಟ್ರೇ, ಒಳ್ಳೇ ಸ್ಯಾಂಪಲ್ ಅಂತೆ" ಎಂದು ಸಿಸ್ಟರ್ ಬಂದು ಹೇಳಿದಾಗ ಮೇಷ್ಟ್ರು ಎದೆಯುಬ್ಬಿಸಿ, "ಮನಸ್ಸು ಮಾಡಿದ್ರೆ ಆಗುತ್ತೆ" ಎಂದುಬಿಟ್ಟರು. ಪಕ್ಕದ ಮಂಚದ ಕಂಬಳಿ ನಗೆಯಿಂದ ಕುಲುಕಾಡಿತು.

ಆ ಹೆಮ್ಮೆ ಮಧ್ಯಾಹ್ನದ ಊಟದವರೆಗೂ ಬಾಳಲಿಲ್ಲ. ಅದೇ ಸಿಸ್ಟರ್ ಮೂಗು ಬಾಯಿಗೆ ದಪ್ಪ ಮಾಸ್ಕ್ ಕಟ್ಟಿಕೊಂಡು, ಗಾಲಿಕುರ್ಚಿ ತಳ್ಳಿಕೊಂಡು ಬಂದರು. ಮೇಷ್ಟ್ರಿಗೂ ಒಂದು ಮಾಸ್ಕ್ ಕೊಟ್ಟರು.

"ಟಿಬಿ ಕ್ರಿಮಿ ಸಿಕ್ಕಿದೆ ಮೇಷ್ಟ್ರೇ. ಸ್ಲೈಡಲ್ಲೂ ಇದೆ, ಮಿಷಿನ್ ಟೆಸ್ಟಲ್ಲೂ ಬಂದಿದೆ. ಬೇರೆ ರೂಮಿಗೆ ಹೋಗೋಣ. ಗಾಬರಿ ಬೇಡ, ಮಾತ್ರೆಗೆ ವಾಸಿಯಾಗುತ್ತೆ."

ಬಾಗಿಲಾಚೆ ಇನ್ನೊಂದು ಬಾಗಿಲಿದ್ದ ಒಂಟಿ ಕೋಣೆಗೆ ಮೇಷ್ಟ್ರು ಬಂದರು. ದಿನಾ ಅವರ ಮಂಚದ ಮೇಲೆ ಕಾಲು ಚಾಚಿ ಅವರಿಗೆ ತಂದ ಹಣ್ಣನ್ನು ತಾನೇ ತಿನ್ನುತ್ತಿದ್ದ ಬಾಮೈದ ಗೇಟಿನ ಹೊರಗಿನಿಂದ ಫೋನು ಮಾಡಿ, "ಭಾವ, ಧೈರ್ಯವಾಗಿರಿ, ನಾನು ಇಲ್ಲೇ ಇದೀನಿ" ಎಂದ. ಹೆಂಡತಿ ಮಾತ್ರ ಮಾಸ್ಕ್ ಹಾಕಿಕೊಂಡು ಒಳಗೆ ಬಂದು ಕೂತಳು. ಏನೂ ಮಾತಾಡಲಿಲ್ಲ. ಅವಳು ಮಾತಾಡದೆ ಕೂತರೆ ಮೇಷ್ಟ್ರಿಗೆ ಜ್ವರಕ್ಕಿಂತ ಹೆಚ್ಚು ಭಯ.

ಮೊದಲು ಮೇಷ್ಟ್ರು ಲ್ಯಾಬಿನವರನ್ನು ಬೈದುಕೊಂಡರು. ಎಂಜಲನ್ನೇ ಗುರುತು ಹಿಡಿಯುವವರು ಇಷ್ಟು ದೊಡ್ಡ ತಪ್ಪು ಮಾಡುತ್ತಾರೆಯೇ ಎಂದು ಆಮೇಲೆ ಅನಿಸಿತು. ತಪ್ಪಿಲ್ಲ ಎಂದಾದರೆ, ಆ ಕಫ ನಿಜವಾಗಿ ಯಾರದೋ ಅವರಿಗೆ ಟಿಬಿ ಇದೆ. ಅಂದರೆ ಹರಾಜಣ್ಣನಿಗೆ. ಇಷ್ಟು ಸರಳ ಲೆಕ್ಕ ಬಿಡಿಸಲು ಮೇಷ್ಟ್ರಿಗೆ ಸಂಜೆಯಾಯಿತು.

ನಿಜ ಹೇಳೋಣವೆಂದರೆ ಮಾನದ ಪ್ರಶ್ನೆ. ವಾರ್ಡಿನವರೆಲ್ಲ ನಗುತ್ತಾರೆ, ಬಾಮೈದ ಊರೆಲ್ಲ ಸಾರುತ್ತಾನೆ. ನಡುವಿನ ದಾರಿ ಹುಡುಕಿ ಸಿಸ್ಟರನ್ನು ಕರೆದರು.

"ಪಕ್ಕದ ಮಂಚದವರಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ. ಆ ಕೆಮ್ಮು ಒಳ್ಳೇದಲ್ಲ, ಎದೆ ಫೋಟೋ ತೆಗೆಸ್ಕೊಳ್ಳಿ ಅಂತ."

ಸಿಸ್ಟರ್ ಹೋಗಿ ಬಂದು ಹೇಳಿದರು. "ನಿಮಗೆ ನಮಸ್ಕಾರ ಹೇಳಿದಾರೆ. ಬೇಕಿದ್ರೆ ಇನ್ನೊಂದು ಡಬ್ಬಿ ಕಳಿಸಿಕೊಡ್ತೀನಿ ಅಂತಿದಾರೆ. ಏನದು ಡಬ್ಬಿ?"

"ಬಿಸ್ಕತ್ತಿಂದು" ಎಂದರು ಮೇಷ್ಟ್ರು.

ಹೆಂಡತಿ ತಲೆಯೆತ್ತಿ ನೋಡಿ ಮತ್ತೆ ತಲೆ ತಗ್ಗಿಸಿದಳು.

ಇದಾದ ಮೇಲೆ ಮಾತ್ರೆ ಶುರುವಾಗುತ್ತದೆಂದು ಮೇಷ್ಟ್ರು ಕಾದರು. ಶುರುವಾಗಲಿಲ್ಲ. ವಾರ್ಡಿನ ಡಾಕ್ಟರು ಬಂದು, "ಲ್ಯಾಬ್ ಡಾಕ್ಟ್ರು ಸ್ವಲ್ಪ ತಡೀರಿ ಅಂದಿದಾರೆ, ಅವರೇ ನಿಮ್ಮನ್ನ ನೋಡ್ಬೇಕಂತೆ" ಎಂದರು. ಅದನ್ನು ಹೇಳುವಾಗ ಅವರಿಗೇ ಆಶ್ಚರ್ಯವಿದ್ದಂತಿತ್ತು. ಲ್ಯಾಬ್ ಡಾಕ್ಟರ ಸಹಿಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಬಲ್ಲರು, ಮುಖವನ್ನು ಬಲ್ಲವರು ಕಡಿಮೆ. ನೆಲಮಾಳಿಗೆಯಲ್ಲಿ ಕ್ರಿಮಿಗಳಿಗೆ ಊಟ ಹಾಕಿ ಬೆಳೆಸಿಕೊಂಡು ಇರುವವರು ರೋಗಿಯ ಮುಖ ನೋಡಲು ಮಹಡಿ ಹತ್ತಿ ಬಂದರೆಂದರೆ ಅಲ್ಲಿ ಏನೋ ಇದೆ ಎಂದೇ ಅರ್ಥ.

ಅವರು ಬಂದದ್ದು ಮರುದಿನ ಊಟಕ್ಕೆ ಮುಂಚೆ. ನರೆತ ಕೂದಲಿನ ಗುಂಡಗಿನ ಹೆಂಗಸು. ಕನ್ನಡಕ ನೆತ್ತಿಯ ಮೇಲಿತ್ತು, ಬೆರಳ ತುದಿಗೆ ನೇರಳೆ ಬಣ್ಣ ಅಂಟಿತ್ತು. ಮಾಸ್ಕಿನ ಮೇಲಿಂದ ಕಾಣುತ್ತಿದ್ದ ಕಣ್ಣುಗಳು ಮಾತ್ರ ಯಾವುದೋ ತಮಾಷೆಯನ್ನು ಒಳಗಿಟ್ಟುಕೊಂಡಂತಿದ್ದವು. ಸ್ಟೂಲು ಎಳೆದುಕೊಂಡು ಕೂತರು.

"ಮೇಷ್ಟ್ರೇ, ಎರಡೇ ಎರಡು ಅನುಮಾನ. ಕೇಳ್ಬಿಟ್ಟು ಹೋಗ್ತೀನಿ. ನಶ್ಯ ಹಾಕ್ತೀರಾ?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹೆಂಡತಿ, "ನಶ್ಯವಾ? ಇವರಾ? ನಾನು ಮೆಣಸಿನಕಾಯಿ ಹುರಿದ್ರೇ ಬೀದಿಗೆ ಓಡ್ತಾರೆ ಡಾಕ್ಟ್ರೇ" ಎಂದಳು.

"ಅಲ್ಲ, ಕಫದಲ್ಲಿ ಕಂದು ಪುಡಿ ಸಿಕ್ತು. ಸ್ಲೈಡ್ ತುಂಬಾ ಇದೆ. ನಶ್ಯ ಹಾಕೋರ ಕಫದಲ್ಲೇ ನಾನು ಅದನ್ನ ನೋಡಿರೋದು."

ಇಲ್ಲ ಎಂದರೆ ಕಫ ತನ್ನದಲ್ಲ ಎಂದಾಗುತ್ತದೆ. ಹೌದು ಎಂದರೆ ಪಕ್ಕದಲ್ಲೇ ಹೆಂಡತಿ ಕೂತಿದ್ದಾಳೆ. ಮೇಷ್ಟ್ರು ಗೋಡೆ ನೋಡಿದರು, ಚಾವಣಿ ನೋಡಿದರು.

"ಹಾಕ್ತೀನಿ."

"ಏನಂದ್ರಿ?" ಎಂದಳು ಹೆಂಡತಿ.

"ಆಗೊಮ್ಮೆ ಈಗೊಮ್ಮೆ."

"ಯಾವಾಗಿಂದ? ಡಬ್ಬಿ ಎಲ್ಲಿ ಇಟ್ಕೊಂಡಿದೀರ?"

"ಸ್ನೇಹಿತರ ಹತ್ರ ಇರುತ್ತೆ."

ಲ್ಯಾಬ್ ಡಾಕ್ಟರು ಏನೂ ತಿಳಿಯದವರಂತೆ, "ಯಾವ ಮೂಗಿಗೆ ಹಾಕ್ತೀರಿ?" ಎಂದು ಕೇಳಿದರು.

"ಒಂದು ದಿನ ಎಡ, ಒಂದು ದಿನ ಬಲ."

"ಒಳ್ಳೇ ಶಿಸ್ತು" ಎಂದರು ಡಾಕ್ಟರು. "ಸರಿ, ಇನ್ನೊಂದು. ಹಸಿ ಹಾಲು ಕುಡೀತೀರಾ? ಕಾಯಿಸದ್ದು?"

ಈ ಪ್ರಶ್ನೆ ಎಲ್ಲಿಂದ ಬಂತೆಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಕಾಯಿಸಿದ ಹಾಲು ಸತ್ತ ಹಾಲು ಎನ್ನುವುದು ಅವರ ಹಳೆಯ ಸಿದ್ಧಾಂತ. ವಾಕಿಂಗಿಗೆಂದು ಹೊರಟು, ಊರಾಚೆಯ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕವೇ ನಿಂತು, ಕರೆದ ಹಾಲನ್ನು ಬಿಸಿ ಆರುವ ಮುಂಚೆ ದೊಡ್ಡ ಲೋಟದಲ್ಲಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು ಮನೆಗೆ ಬರುತ್ತಿದ್ದರು. ಹೆಂಡತಿ ಈ ವಿಷಯಕ್ಕೆ ಎಷ್ಟೋ ಸಲ ಜಗಳ ತೆಗೆದು, ಕೊನೆಗೆ ಅವರಿಂದ ಆಣೆ ಹಾಕಿಸಿಕೊಂಡಿದ್ದಳು.

"ಇಲ್ಲ" ಎಂದರು ಮೇಷ್ಟ್ರು. "ಇಲ್ಲವೇ ಇಲ್ಲ."

ಹೀಗೆ ಒಂದೇ ಉಸಿರಿನಲ್ಲಿ ಅವರು ಇಲ್ಲದ ಚಟವನ್ನು ಒಪ್ಪಿಕೊಂಡು ಇದ್ದ ಚಟವನ್ನು ಅಲ್ಲಗಳೆದರು.

ಡಾಕ್ಟರು ಅವಸರ ಮಾಡದೆ ಹೇಳಿದರು. "ಯಾಕೆ ಕೇಳಿದೆ ಅಂದ್ರೆ, ನಿಮ್ಮ ರಕ್ತ ಬಾಟಲಿಯಲ್ಲಿತ್ತಲ್ಲ, ಅದು ಇಷ್ಟು ದಿನ ಸುಮ್ಮನಿತ್ತು. ನಿನ್ನೆ ಅದರಲ್ಲಿ ಕ್ರಿಮಿ ಬೆಳೆದಿದೆ ಅಂತ ಮಿಷಿನ್ನು ದೀಪ ಹತ್ತಿಸ್ತು. ಬಣ್ಣ ಹಾಕಿ ನೋಡಿದ್ರೆ ಸಣ್ಣ ಮರಳು ಎರಚಿದ ಹಾಗೆ ಕ್ರಿಮಿ. ಹಸು, ಆಡುಗಳ ಮೈಯಲ್ಲಿರೋದು ಅದು. ಹಸಿ ಹಾಲಲ್ಲಿ ನಮಗೆ ಬರುತ್ತೆ. ಸಂಜೆ ಜ್ವರ, ಬೆವರು, ಸೊಂಟ ನೋವು, ಎಲ್ಲಾ ಅದರದ್ದೇ ಕೆಲಸ. ಖಾತ್ರಿ ಮಾಡ್ಕೊಳ್ಳೋಕೆ ಇನ್ನೊಂದು ಟೆಸ್ಟಿಗೂ ಹಾಕಿದೀನಿ. ಕಫದಲ್ಲಿ ಸಿಕ್ಕಿದ್ದು ಬೇರೆ, ಟಿಬಿಯದ್ದು. ಒಬ್ಬರ ಮೈಯಲ್ಲೇ ಎರಡೂ ಇರಬಾರದು ಅಂತೇನಿಲ್ಲ. ಆದ್ರೆ ಅಷ್ಟು ಕ್ರಿಮಿ ಉಗುಳೋ ಎದೆ ಫೋಟೋದಲ್ಲಿ ಕನ್ನಡಿ ಥರ ಸ್ವಚ್ಛವಾಗಿದೆ. ಅದೇ ನನಗೆ ಜೀರ್ಣ ಆಗ್ತಿಲ್ಲ."

ಡಾಕ್ಟರು ನೆತ್ತಿಯ ಕನ್ನಡಕವನ್ನು ಕಣ್ಣಿಗಿಳಿಸಿ ಅವರನ್ನೇ ನೋಡಿದರು. ಹೇಳಿಬಿಡಲೇ ಎಂದು ಮೇಷ್ಟ್ರು ಯೋಚಿಸುತ್ತಿದ್ದಂತೆ ಹೊರಗಿನ ಕಾರಿಡಾರಿನಿಂದ ಪರಿಚಿತ ದನಿ ಕೇಳಿತು.

"ಅಪ್ಪಟ ಮರದ ಊರುಗೋಲು, ಒಂದೇ ವಾರ ಬಳಸಿದ್ದು, ಕೇಳಿ ಸ್ವಾಮಿ, ಒಂದನೇ ಸಲ..."

ಹರಾಜಣ್ಣ ಮನೆಗೆ ಹೊರಟಿದ್ದ. ಮೇಷ್ಟ್ರು ಮಂಚದಿಂದಲೇ ಕತ್ತು ಚಾಚಿ ಬಾಗಿಲಿನ ಗಾಜಿನಲ್ಲಿ ಇಣುಕಿದರು. ಅವನು ಗಾಲಿಕುರ್ಚಿಯಲ್ಲಿ ಕೂತು ಸಿಕ್ಕಸಿಕ್ಕವರಿಗೆಲ್ಲ ವಿದಾಯ ಹೇಳುತ್ತಿದ್ದ. ಮಗಳು ಬ್ಯಾಗು ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದಳು. ಅವನ ತೊಡೆಯ ಮೇಲೆ ಇನ್ನೂ ಹಲ್ಲು ಬಾರದ ಮೊಮ್ಮಗಳು ಕೂತು ತಾತನ ಗಲ್ಲ ಹಿಡಿದು ಜಗ್ಗುತ್ತಿದ್ದಳು. ಹರಾಜಣ್ಣ ಎರಡನೇ ಸಲ ಎನ್ನಲು ಹೋದವನು ಕೆಮ್ಮತೊಡಗಿದ. ಮಗುವಿನ ನೆತ್ತಿಯ ಮೇಲೇ ಕೆಮ್ಮಿದ.

ಮೇಷ್ಟ್ರು ಮಂಚದಿಂದ ಇಳಿದದ್ದು, ಎರಡೂ ಬಾಗಿಲು ದಾಟಿದ್ದು ಅವರಿಗೇ ತಿಳಿಯಲಿಲ್ಲ. ಹಿಂದೆ ಕಟ್ಟುವ ಆಸ್ಪತ್ರೆಯ ಅಂಗಿಯ ದಾರ ಬಿಚ್ಚಿಹೋಗಿ ಬೆನ್ನು ಬಯಲಾಗಿತ್ತು. ಕಾರಿಡಾರಿನ ನಡುವೆ ನಿಂತು, ಮೈದಾನದ ಆ ತುದಿಗೆ ಮುಟ್ಟುತ್ತಿದ್ದ ಹಳೆಯ ಗಂಟಲನ್ನು ತೆಗೆದರು.

"ಎಲ್ಲರೂ ನಿಂತಲ್ಲೇ ನಿಲ್ಲಿ!"

ಎಲ್ಲರೂ ನಿಂತರು. ಟೀ ಗಾಡಿ ನಿಂತಿತು. ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ ಸರ್ಜನ್ನರು ಬೈಗುಳವನ್ನು ಅರ್ಧಕ್ಕೇ ಬಿಟ್ಟರು. ಗೋಡೆ ಹಿಡಿದು ನಡೆಯುತ್ತಿದ್ದ ಒಬ್ಬ ರೋಗಿ ಎತ್ತಿದ ಕಾಲನ್ನು ಇಳಿಸಲಿಲ್ಲ.

"ಮಗೂನ ಎತ್ಕೊಳ್ಳಮ್ಮ ಮೊದಲು" ಎಂದರು ಮೇಷ್ಟ್ರು ಹರಾಜಣ್ಣನ ಮಗಳಿಗೆ. ಆಮೇಲೆ ಬಾಗಿಲಲ್ಲಿ ಬಂದು ನಿಂತಿದ್ದ ಲ್ಯಾಬ್ ಡಾಕ್ಟರ ಕಡೆ ತಿರುಗಿದರು. ದನಿ ಇಳಿದಿತ್ತು. "ಆ ಕಫ ನನ್ನದಲ್ಲ ಡಾಕ್ಟ್ರೇ. ಇವರದು. ನಾನು ಕಡ ತಗೊಂಡಿದ್ದೆ."

"ಮೇಷ್ಟ್ರೇ, ಒಂದ್ಸಲ ಹೋದ ಮಾಲನ್ನ ನಾನು ವಾಪಸ್ ತಗೊಳಲ್ಲ" ಎಂದು ಹರಾಜಣ್ಣ ನಗಲು ನೋಡಿದ. ನಗು ಬರಲಿಲ್ಲ. ಲ್ಯಾಬ್ ಡಾಕ್ಟರು ತಮ್ಮ ಜೇಬಿನಿಂದ ಒಂದು ಮಾಸ್ಕ್ ತೆಗೆದು ಅವನಿಗೆ ಕೊಟ್ಟರು. "ನಿಮ್ಮ ಮಾಲನ್ನೇ ಹುಡುಕ್ಕೊಂಡು ನಾನು ಮಹಡಿ ಹತ್ತಿ ಬಂದೆ. ಬನ್ನಿ, ಇನ್ನೊಂದು ಸಲ ಕೊಡಿ, ಈ ಸಲ ನಿಮ್ಮ ಹೆಸರಲ್ಲೇ" ಎಂದು ಅವನ ಕುರ್ಚಿಯನ್ನು ತಾವೇ ತಿರುಗಿಸಿದರು.

ಹೆಂಡತಿ ಹಿಂದಿನಿಂದ ಬಂದು ಮೇಷ್ಟ್ರ ಅಂಗಿಯ ದಾರ ಕಟ್ಟಿದಳು. ಗಂಟನ್ನು ಸ್ವಲ್ಪ ಬಿಗಿಯಾಗಿಯೇ ಹಾಕಿದಳು.

"ಹಾಗಾದ್ರೆ ನಶ್ಯ?"

"ಇಲ್ಲ."

"ಹಾಲು?"

ಮೇಷ್ಟ್ರು ಟೀ ಗಾಡಿಯ ಕಡೆ ನೋಡಿದರು.

"ರೀ, ಹಾಲು?"

"ಕುಡೀತೀನಿ."

ಊರವರ ಮುಂದೆ ಮಾನ ಹೋದದ್ದಕ್ಕೆ ಅವಳು ಏನೂ ಅನ್ನಲಿಲ್ಲ. ಕಫದ ಕತೆಗೂ ಏನೂ ಅನ್ನಲಿಲ್ಲ. ಹಾಲಿನ ವಿಷಯಕ್ಕೆ ಮಾತ್ರ ಆ ಹೊತ್ತಿನಿಂದ ಸಂಜೆಯವರೆಗೆ ಬಿಡದೆ ಬೈದಳು. ಮೇಷ್ಟ್ರಿಗೆ ಅಂದು ಬಂದ ಬೆವರಿನಲ್ಲಿ ಜ್ವರದ್ದು ಎಷ್ಟು, ಬೈಗುಳದ್ದು ಎಷ್ಟು ಎಂದು ಹೇಳುವುದು ಕಷ್ಟ.

ಹರಾಜಣ್ಣನ ಎದೆಯ ಫೋಟೋದಲ್ಲಿ ಶ್ವಾಸಕೋಶದ ಮೇಲುಗಡೆ ಒಂದು ತೂತು ಕಾಣಿಸಿತು. ಮೇಷ್ಟ್ರು ಬಿಟ್ಟ ಒಂಟಿ ಕೋಣೆಗೆ ಅವನನ್ನು ಹಾಕಿದರು. ವಾರ್ಡಿನಲ್ಲಿ ಅವನ ಆಸುಪಾಸಿನ ಮಂಚದವರನ್ನೆಲ್ಲ ತಪಾಸಣೆ ಮಾಡಿದರು, ಮೇಷ್ಟ್ರನ್ನೂ ಮಾಡಿದರು. ಯಾರಿಗೂ ತಗುಲಿರಲಿಲ್ಲ. ಪುಟ್ಟ ಮೊಮ್ಮಗಳಿಗೂ ಏನೂ ಆಗಿರಲಿಲ್ಲ, ಆದರೂ ಮುನ್ನೆಚ್ಚರಿಕೆಗೆಂದು ಔಷಧಿ ಶುರುಮಾಡಿದರು. ಅದನ್ನು ಕೇಳಿದ ದಿನ ಮೇಷ್ಟ್ರು ಕಿಟಕಿಯ ಗಾಜಿನಾಚೆ ನಿಂತು ಹರಾಜಣ್ಣನ ಕ್ಷಮೆ ಕೇಳಿದರು.

ಹರಾಜಣ್ಣ ಮಂಚದ ತುದಿಗೆ ಸರಿದು ಕೂತ. ಆಮೇಲೆ, "ನನಗೆ ಒಳಗೊಳಗೇ ಅನುಮಾನ ಇತ್ತು ಮೇಷ್ಟ್ರೇ" ಎಂದ. "ಬೆಲ್ಟಿಗೆ ಹೊಸ ತೂತು ಹಾಕಿಸ್ಕೊಳ್ತಾನೇ ಇದ್ದೆ. ಡಾಕ್ಟ್ರಿಗೆ ಹೇಳಿದ್ರೆ ಕೂಗೋ ಕೆಲಸ ಹೋಗುತ್ತೆ ಅಂತ ಭಯ. ನನಗೆ ಅಂತ ಯಾರಾದ್ರೂ ಡಬ್ಬಿ ಕೊಟ್ಟಿದ್ರೆ ಉಗುಳ್ತಾನೇ ಇರ್ಲಿಲ್ಲ. ನಿಮಗೆ ಅಂತ ಉಗುಳಿದೆ."

ಮೇಷ್ಟ್ರು ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ ಬಂದರು.

ಎರಡು ಬೇರೆ ಕಾಯಿಲೆಯಾದರೂ ಇಬ್ಬರಿಗೂ ಬರೆದುಕೊಟ್ಟ ಔಷಧಿಗಳಲ್ಲಿ ಒಂದು ಮಾತ್ರೆ ಒಂದೇ ಆಗಿತ್ತು. ನುಂಗಿದ ಸ್ವಲ್ಪ ಹೊತ್ತಿಗೆ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಕೆಂಪು ಮಾತ್ರೆ. ಹರಾಜಣ್ಣ ಸಿಸ್ಟರ ಹತ್ತಿರ, "ಈಗ ಮೂತ್ರದ ಡಬ್ಬಿ ಅದಲು ಬದಲಾದ್ರೂ ಗೊತ್ತಾಗಲ್ಲ ಅಂತ ಮೇಷ್ಟ್ರಿಗೆ ಹೇಳಿ" ಎಂದು ಹೇಳಿ ಕಳಿಸಿದ. ಸಿಸ್ಟರ್ ಅದನ್ನು ಲ್ಯಾಬ್ ಡಾಕ್ಟರಿಗೂ ಮುಟ್ಟಿಸಿದರು. ಅಂದಿನಿಂದ ಇವರಿಬ್ಬರ ಸ್ಯಾಂಪಲನ್ನು ಸಿಸ್ಟರ್ ಎದುರಿಗೆ ನಿಂತೇ ತೆಗೆದುಕೊಳ್ಳಬೇಕೆಂದು ನೆಲಮಾಳಿಗೆಯಿಂದ ಆಜ್ಞೆ ಬಂತು.

ಜ್ವರ ಇಳಿದು ಮನೆಗೆ ಹೊರಡುವ ಮುನ್ನ ಹೆಂಡತಿಗೆ ಆ ಕ್ರಿಮಿಯನ್ನು ಕಣ್ಣಾರೆ ನೋಡುವ ಆಸೆಯಾಯಿತು. ಲ್ಯಾಬ್ ಡಾಕ್ಟರು ಸಂತೋಷದಿಂದಲೇ ಕರೆದುಕೊಂಡು ಹೋಗಿ, ಬಣ್ಣ ಹಾಕಿ ಒಣಗಿಸಿದ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ತಿರುಪು ತಿರುಗಿಸಿ ತೋರಿಸಿದರು. ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಇಷ್ಟೇನಾ? ರವೆ ಚೆಲ್ಲಿದ ಹಾಗಿದೆ."

"ಅಷ್ಟೇ" ಎಂದರು ಡಾಕ್ಟರು. "ನಮ್ಮ ಮೇಷ್ಟ್ರು ಜೀವ ಇರೋ ಹಾಲು ಬೇಕು ಅಂತಿದ್ರಂತಲ್ಲ, ಸುಳ್ಳಲ್ಲ. ಚೆನ್ನಾಗಿಯೇ ಜೀವ ಇತ್ತು."

ಮೇಷ್ಟ್ರು ಗೋಡೆಯ ಮೇಲಿನ ಕ್ಯಾಲೆಂಡರನ್ನು ಆಸಕ್ತಿಯಿಂದ ನೋಡತೊಡಗಿದರು. ಆದರೆ ಡಾಕ್ಟರು ಅವರನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. "ವಾರ್ಡಿಂದ ನನಗೆ ಇನ್ನೂ ಎಂಜಲೇ ಬರ್ತಿದೆ ಮೇಷ್ಟ್ರೇ. ಸಿಸ್ಟರ್‌ಗಳು ಹೇಳಿ ಹೇಳಿ ಸೋತಿದಾರೆ. ಔಷಧಿ ತಗೊಳ್ಳೋಕೆ ಹೇಗೂ ಬರ್ತೀರ, ಹಾಗೇ ಸ್ವಲ್ಪ ರೋಗಿಗಳಿಗೆ ಕೆಮ್ಮೋದು ಕಲಿಸ್ತೀರಾ?"

ಮೇಷ್ಟ್ರು ಇಲ್ಲ ಎನ್ನುವ ಸ್ಥಿತಿಯಲ್ಲಿರಲಿಲ್ಲ. ಮುಂದಿನ ಸಲ ಬಂದಾಗ ಕಫ ಕೊಡಬೇಕಾದ ರೋಗಿಗಳನ್ನೆಲ್ಲ ಹೊರಗಿನ ಅಂಗಳದ ಗಾಳಿಯಲ್ಲಿ ದೂರ ದೂರ ನಿಲ್ಲಿಸಿ, ತಾವು ಗಾಳಿ ಬೀಸಿ ಬರುವ ಕಡೆಯಲ್ಲಿ ಮಾಸ್ಕ್ ಕಟ್ಟಿಕೊಂಡು ನಿಂತರು. ನೀರಿನಿಂದ ಬಾಯಿ ಮುಕ್ಕಳಿಸಿ ಉಗಿ. ಉಸಿರು ಒಳಕ್ಕೆ. ಹಿಡಿ. ಬಿಡು. ಮತ್ತೆ ಒಳಕ್ಕೆ. ಹಿಡಿ. ಈಗ ಹೊಟ್ಟೆಯಿಂದ ಕೆಮ್ಮು. ಲಯ ತಪ್ಪಿದವರನ್ನು ಪಕ್ಕಕ್ಕೆ ನಿಲ್ಲಿಸಿ ಬೇರೆ ಪಾಠ ಮಾಡಿದರು. ಅಂದು ಲ್ಯಾಬಿಗೆ ಹೋದ ಡಬ್ಬಿಗಳಲ್ಲಿ ಒಂದೂ ವಾಪಸ್ಸು ಬರಲಿಲ್ಲ. ಅಂಗಳದ ಎದುರಿಗಿದ್ದ ಬಾಣಂತಿಯರ ವಾರ್ಡಿನಿಂದ ಮಾತ್ರ, ಎಳೆಕೂಸುಗಳೆಲ್ಲ ಒಟ್ಟಿಗೇ ಬೆಚ್ಚಿಬಿದ್ದು ಅಳುತ್ತಿವೆ, ಅದ್ಯಾರು ಅಲ್ಲಿ ಕೂಗುತ್ತಿರುವುದು ಎಂದು ದೂರು ಬಂತು. ಲ್ಯಾಬ್ ಡಾಕ್ಟರು ಆ ದೂರನ್ನು ಓದಿ ಮಡಚಿ, ಕೈ ತೊಳೆದುಕೊಂಡು, ಹೊಸ ಸ್ಲೈಡುಗಳಿಗೆ ಬಣ್ಣ ಹಾಕಲು ಕೂತರು.